ಯೋನನಿಗೆ ನೆರಳಾದ ಗಿಡ ಯಾವುದು?



ಪ್ರತಿ ವರ್ಷ ಸೆಪ್ಟೆಂಬರ್ 30ರಂದು ಧರ್ಮಸಭೆ ಸಂತ ಜೆರೋಮರ ಹಬ್ಬವನ್ನು ಆಚರಿಸುತ್ತದೆ. ಪವಿತ್ರ ಗ್ರಂಥವನ್ನು ಲತೀನ್ ಭಾಷೆಗೆ ತಂದುಕೊಟ್ಟ ಈ ಸಂತರನ್ನು ನೆನೆಯುವಾಗ, ಒಂದೇ ಒಂದು ಹೀಬ್ರೂ ಪದ ಇಡೀ ಸಭೆಯನ್ನು ಕಲಕಿದ ಪ್ರಸಂಗವನ್ನು ನಾವು ಧ್ಯಾನಿಸೋಣ.

ಜೆರೋಮರಿಗೆ ಹೀಬ್ರೂ ಸುಲಭವಾಗಿ ಒಲಿಯಲಿಲ್ಲ. ಯೌವನದಲ್ಲಿ ಸಿರಿಯಾದ ಮರುಭೂಮಿಯಲ್ಲಿ ತಪಸ್ಸಿಗಿದ್ದಾಗ, ಕ್ರೈಸ್ತ ವಿಶ್ವಾಸ ಸ್ವೀಕರಿಸಿದ್ದ ಯೆಹೂದ್ಯರೊಬ್ಬರ ಬಳಿ ಅಕ್ಷರಾಭ್ಯಾಸ ಆರಂಭಿಸಿದರು. ಎಷ್ಟೋ ಸಲ ಬೇಸತ್ತು ಬಿಟ್ಟೆ, ಮತ್ತೆ ಹಿಡಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. 386ರಲ್ಲಿ ಬೆತ್ಲೆಹೇಮಿನಲ್ಲಿ ನೆಲೆಸಿದ ಮೇಲೂ ಯೆಹೂದ್ಯ ಗುರುವೊಬ್ಬರಿಂದ ರಾತ್ರಿ ಹೊತ್ತು ಪಾಠ ಹೇಳಿಸಿಕೊಂಡರು. ಅವರ ಜೊತೆಗಿದ್ದ ಸಂತ ಪೌಲಾ ಕೂಡ ಹೀಬ್ರೂ ಕಲಿತು, ಕೀರ್ತನೆಗಳನ್ನು ಆ ಭಾಷೆಯಲ್ಲೇ ಹಾಡುತ್ತಿದ್ದರು.

ಅದುವರೆಗೆ ಲತೀನ್ ಜನರು ಓದುತ್ತಿದ್ದ ಹಳೆಯ ಒಡಂಬಡಿಕೆ ಗ್ರೀಕ್ ಅನುವಾದದಿಂದ ಬಂದದ್ದು. ಜೆರೋಮರು ನೇರವಾಗಿ ಹೀಬ್ರೂ ಮೂಲಕ್ಕೇ ಹೋದರು. ತೊಂದರೆ ಶುರುವಾದದ್ದು ಅಲ್ಲಿಯೇ.

ನಿನೆವೆ ಪಟ್ಟಣದ ಹೊರಗೆ ಕುಳಿತ ಪ್ರವಾದಿ ಯೋನನಿಗೆ ದೇವರು ಒಂದು ಗಿಡದ ನೆರಳನ್ನು ಕೊಟ್ಟರಷ್ಟೆ. ಹೀಬ್ರೂವಿನಲ್ಲಿ ಅದು 'ಕೀಕಾಯೋನ್'. ಹಳೆಯ ಅನುವಾದದಲ್ಲಿ ಅದು ಸೋರೆಬಳ್ಳಿ. ಜೆರೋಮರು ಐವಿ ಬಳ್ಳಿ ಎಂದು ಬರೆದರು. ಉತ್ತರ ಆಫ್ರಿಕದ ಓಯದಲ್ಲಿ, ಅಂದರೆ ಇಂದಿನ ಟ್ರಿಪೋಲಿಯಲ್ಲಿ, ಧರ್ಮಾಧ್ಯಕ್ಷರೊಬ್ಬರು ಈ ಹೊಸ ಅನುವಾದವನ್ನು ದೇವಾಲಯದಲ್ಲಿ ಓದಿಸಿದಾಗ ದೊಡ್ಡ ಗದ್ದಲವೆದ್ದಿತು. ತಲೆಮಾರುಗಳಿಂದ ಕಿವಿಗೆ ಬಿದ್ದ ಮಾತನ್ನು ಕೆಡಿಸಿದ್ದಾರೆಂದು ಜನ ಕೂಗಿದರು. ಆ ಧರ್ಮಾಧ್ಯಕ್ಷರು ತಮ್ಮ ಜನರನ್ನೇ ಕಳೆದುಕೊಳ್ಳುವ ಸ್ಥಿತಿ ಬಂದಿತು. 403ರಲ್ಲಿ ಸಂತ ಅಗಸ್ಟೀನರು ಈ ಸಂಗತಿಯನ್ನು ಪತ್ರ ಬರೆದು ಜೆರೋಮರಿಗೆ ತಿಳಿಸಿದರು.

ಜೆರೋಮರ ಉತ್ತರ ಖಾರವಾಗಿತ್ತು, ಆದರೂ ಪ್ರಾಮಾಣಿಕವಾಗಿತ್ತು. ಅದು ಸೋರೆಯೂ ಅಲ್ಲ, ಐವಿಯೂ ಅಲ್ಲ. ಅಗಲವಾದ ಎಲೆಗಳುಳ್ಳ, ಆಸರೆಯಿಲ್ಲದೆ ತನ್ನ ಕಾಂಡದ ಮೇಲೆಯೇ ನಿಲ್ಲುವ ಗಿಡ. ಲತೀನಿನಲ್ಲಿ ಅದಕ್ಕೆ ಹೆಸರಿಲ್ಲದ್ದರಿಂದ ಹಿಂದಿನ ಅನುವಾದಕರನ್ನು ಅನುಸರಿಸಿದೆ ಎಂದರು. ಇಂದು ಅನೇಕ ವಿದ್ವಾಂಸರು ಅದನ್ನು ಔಡಲ ಗಿಡವೆನ್ನುತ್ತಾರೆ. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಹರಳೆಣ್ಣೆಯ ಗಿಡವೇ ಅದು!

ತಪ್ಪು ಯಾರದು? ವಾಕ್ಯವನ್ನು ಪ್ರೀತಿಸಿದ್ದರಿಂದಲೇ ಓಯದ ಜನರು ಕೂಗಿದರು. ಅದೇ ಪ್ರೀತಿಯಿಂದ ಜೆರೋಮರು ರಾತ್ರಿಯೆಲ್ಲ ದೀಪದ ಮುಂದೆ ಕುಳಿತರು. ಆದರೆ ಗಿಡದ ಹೆಸರಿಗಾಗಿ ಜಗಳವಾಡುವಾಗ ಅದೇ ಪುಟದ ಮತ್ತೊಂದು ಪದ ಮರೆಯಾಗಬಾರದು. ಗಿಡ ಒಣಗಿದಾಗ ಯೋನನು ಮರುಗಿದ್ದಕ್ಕೂ, ನಿನೆವೆಯ 1,20,000ಕ್ಕೂ ಹೆಚ್ಚು ಜನರಿಗಾಗಿ ದೇವರು ಮರುಗಿದ್ದಕ್ಕೂ ಹೀಬ್ರೂವಿನಲ್ಲಿ ಒಂದೇ ಕ್ರಿಯಾಪದವಿದೆ: 'ಖೂಸ್', ಅಂದರೆ ಕನಿಕರಪಡು. ಒಂದು ಗಿಡಕ್ಕಾಗಿ ನೀನು ಇಷ್ಟು ಮರುಗುವುದಾದರೆ, ಈ ಜನರಿಗಾಗಿ ನಾನು ಮರುಗಬಾರದೇ ಎಂಬುದೇ ದೇವರ ಪ್ರಶ್ನೆ.

1943ರ ಸೆಪ್ಟೆಂಬರ್ 30ರಂದು, ಸಂತ ಜೆರೋಮರ ಹಬ್ಬದ ದಿನವೇ, ಜಗದ್ಗುರು ಹನ್ನೆರಡನೆಯ ಪಿಯುಸರು ಮೂಲ ಭಾಷೆಗಳ ಅಧ್ಯಯನಕ್ಕೆ ಪ್ರೋತ್ಸಾಹ ನೀಡಿದರು. ನಮ್ಮಲ್ಲಿ ಎಲ್ಲರೂ ಹೀಬ್ರೂ ಕಲಿಯಲಾರೆವು. ಆದರೆ ಇಂದು ಸಂಜೆ ಮನೆಮಂದಿಯೆಲ್ಲ ಕುಳಿತು ಯೋನನ ನಾಲ್ಕನೆಯ ಅಧ್ಯಾಯವನ್ನು ಓದಬಹುದು. ನಾವು ಯಾರಿಗಾಗಿ ಮರುಗಬೇಕು ಎಂದು ಪರಸ್ಪರ ಕೇಳಿಕೊಳ್ಳಬಹುದು. ಸಂತ ಜೆರೋಮರೇ, ನಮಗಾಗಿ ಪ್ರಾರ್ಥಿಸಿರಿ.