ಕೊಟ್ಟರೆ ಭರವಸೆ

ನಮ್ಮ ಪತ್ರಿಕೆಗಳಲ್ಲಿ 'ಭರವಸೆ' ಎಂಬ ಮಾತಿಗೆ ಬಿಡುವೇ ಇಲ್ಲ. ಸಚಿವರು ಭರವಸೆ ಕೊಡುತ್ತಾರೆ, ವಿರೋಧ ಪಕ್ಷದವರು ಅದು ಹುಸಿ ಭರವಸೆ ಎನ್ನುತ್ತಾರೆ, ಧರಣಿ ಕೂತವರು ಲಿಖಿತ ಭರವಸೆ ಸಿಗುವವರೆಗೆ ಏಳುವುದಿಲ್ಲ. ರಣಜಿಯಲ್ಲಿ ಹುಡುಗನೊಬ್ಬ ಎರಡು ಶತಕ ಹೊಡೆದರೆ ಮರುದಿನವೇ ಅವನು 'ಭರವಸೆಯ ಆಟಗಾರ'. ವಿಧಾನಮಂಡಲದಲ್ಲಂತೂ 'ಸರ್ಕಾರಿ ಭರವಸೆಗಳ ಸಮಿತಿ' ಎಂದೇ ಒಂದಿದೆ. ಮಂತ್ರಿಗಳು ಸದನದಲ್ಲಿ ಆಡಿದ ಮಾತು ನಡೆಯಿತೋ ಇಲ್ಲವೋ ಎಂದು ಬೆನ್ನುಹತ್ತುವುದು ಅದರ ಕೆಲಸ.

ಬಡಗಣ ಕನ್ನಡದ ಬಾಯಲ್ಲಿ ಇದೇ ಭರೋಸಾ. 'ಈ ಸಲದ ಮಳಿ ಏನ್ ಭರೋಸಾ ಇಲ್ರಿ' ಎಂದು ಬಾಗಲಕೋಟೆಯಲ್ಲೂ ಕೇಳಬಹುದು, ಅಲ್ಲಿಂದ ದುಡಿಮೆಗೆ ಹೋದವರು ನೆಲೆನಿಂತ ವಾಸ್ಕೋದ ಬೈನಾ, ಝುವಾರಿನಗರದ ಓಣಿಗಳಲ್ಲೂ ಕೇಳಬಹುದು. ಅದೇ ಓಣಿಯ ಆಚೆ ಗೋವಾದ ಕ್ರೈಸ್ತರ ಕೊಂಕಣಿಯಲ್ಲಿ ಅದು 'ಭೊರ್ವಾಂಸೊ'. ಅಲ್ಲಿಂದ ಶತಮಾನಗಳ ಹಿಂದೆ ವಲಸೆ ಬಂದು ಕನ್ನಡ ಲಿಪಿಯಲ್ಲೇ ಕೊಂಕಣಿ ಬರೆಯುವ ಮಂಗಳೂರಿನವರಿಗೆ 'ಭರ್ವಸೊ'. ಚರ್ಚಿನಲ್ಲಿ ಮಕ್ಕಳಿಗೆ ಕಲಿಸುವ ಮೂರು ಗುಣಗಳು ಭಾವಾರ್ಥ್, ಭರ್ವಸೊ, ಮೋಗ್; ಅಂದರೆ ವಿಶ್ವಾಸ, ಭರವಸೆ, ಪ್ರೀತಿ. ಹಳೆಯ ಕನ್ನಡ ಬೈಬಲಿನವರು ಮಾತ್ರ ಈ ನಡುವಿನದಕ್ಕೆ 'ನಿರೀಕ್ಷೆ' ಎಂದು ಬರೆದರು. ನನಗದು ಅಷ್ಟು ಒಪ್ಪಿಗೆಯಿಲ್ಲ. ನಿರೀಕ್ಷೆ ಒಬ್ಬರೇ ಕೂತು ಮಾಡುವ ಕೆಲಸ. ಬಸ್ಸಿಗೂ ಮಾಡಬಹುದು, ಪರೀಕ್ಷೆಯ ಫಲಿತಾಂಶಕ್ಕೂ ಮಾಡಬಹುದು. ಪೊಲೀಸರು ಬರಬಹುದೆಂದು ತೆಗೆದುಕೊಳ್ಳುವುದೂ ನಿರೀಕ್ಷಣಾ ಜಾಮೀನೇ.

ಭರವಸೆಗೆ ಹಾಗಲ್ಲ, ಇಬ್ಬರು ಬೇಕು. ನಾವು ಭರವಸೆ ಕೊಡುತ್ತೇವೆ, ಇನ್ನೊಬ್ಬರ ಮೇಲೆ ಇಡುತ್ತೇವೆ, ಅವರ ಮಾತಿನಿಂದ ನಮ್ಮಲ್ಲಿ ಹುಟ್ಟುತ್ತದೆ. ಖಿನ್ನತೆಯಲ್ಲಿ ಮುಳುಗಿದವನಿಗೆ 'ಭರವಸೆ ಕಳ್ಕೋಬೇಡಪ್ಪ' ಎನ್ನುವಾಗ ನಾವು ಇದನ್ನೇ ಮರೆಯುತ್ತೇವೆ. ಅವನ ಜೇಬಿನಲ್ಲಿ ಅದೇನೋ ಇತ್ತು, ಅಜಾಗರೂಕತೆಯಿಂದ ಬೀಳಿಸಿಕೊಂಡ ಎಂಬಂತೆ. ಬೆಳಿಗ್ಗೆ ಹಾಸಿಗೆಯಿಂದ ಏಳಲಾಗದವನಿಗೆ ಅವನದೇ ಭರವಸೆ ಹುಡುಕಿ ತಾ ಎಂದರೆ ಹೊರೆ ಇನ್ನೊಂದು ಸೇರು ಹೆಚ್ಚುತ್ತದೆ, ಅಷ್ಟೆ. ಚರ್ಚಿಗೆ ಹೋಗುವವನಾದರೆ ಇದರ ಜೊತೆಗೆ ಇನ್ನೂ ಒಂದು ಮಾತು ಕೇಳಬೇಕಾಗುತ್ತದೆ: ನಿನ್ನ ವಿಶ್ವಾಸ ಸಾಲದು.

ಪಣಜಿಯಲ್ಲಿ ಹಳೆಯ ಸಚಿವಾಲಯದ ಪಕ್ಕ ಒಂದು ಪ್ರತಿಮೆಯಿದೆ. ನಿಲುವಂಗಿ ತೊಟ್ಟವನೊಬ್ಬ ಒರಗಿ ಬಿದ್ದ ಹೆಂಗಸಿನ ಮೇಲೆ ಎರಡೂ ಕೈ ಚಾಚಿ ನಿಂತಿದ್ದಾನೆ. ಹೊಸಬರಿಗೆ ಕೊಲೆಯ ದೃಶ್ಯದಂತೆ ಕಾಣುತ್ತದೆ. ಅವನು ಅಬ್ಬೆ ಫಾರಿಯಾ, 1756ರಲ್ಲಿ ಕಾಂದೊಳಿಯಲ್ಲಿ ಹುಟ್ಟಿದ ಪಾದ್ರಿ. ಪ್ಯಾರಿಸ್ಸಿನಲ್ಲಿ ಸಮ್ಮೋಹನದ ಪ್ರಯೋಗ ಮಾಡುತ್ತಿದ್ದ. ಮಲಗಿಸುವ ಶಕ್ತಿ ಮಾಡುವವನ ಕೈಯಿಂದ ಹರಿಯುವ ಯಾವುದೋ ಕಾಂತತ್ವದ್ದಲ್ಲ, ಆಡಿದ ಮಾತನ್ನು ಕೇಳಿದವನ ಮನಸ್ಸಿನದು ಎಂದು ಆ ಕಾಲದಲ್ಲೇ ವಾದಿಸಿದವನು. ಗೋವಾದ ಮಾನಸಿಕ ಆಸ್ಪತ್ರೆಗೆ ಹಿಂದೆ ಅವನ ಹೆಸರೇ ಇತ್ತು. ಈಗ ಅದು ಬಾಂಬೋಳಿಯ ಮನೋವೈದ್ಯಕೀಯ ಸಂಸ್ಥೆ. ಫಾರಿಯಾ ಬಗ್ಗೆ ಗೋವಾದಲ್ಲಿ ಎಲ್ಲರೂ ಹೇಳುವ ಕಥೆ ಒಂದಿದೆ. ಲಿಸ್ಬನ್ನಿನಲ್ಲಿ ರಾಣಿಯ ಮುಂದೆ ಪ್ರಸಂಗಕ್ಕೆ ನಿಂತವನು ಆ ದೊಡ್ಡವರ ಸಭೆಯನ್ನು ಕಂಡು ನಾಲಿಗೆ ಕಟ್ಟಿ ನಿಂತನಂತೆ. ಕೆಳಗಿದ್ದ ಅಪ್ಪ ಕೊಂಕಣಿಯಲ್ಲಿ ಮೆಲ್ಲಗೆ ಅಂದನಂತೆ, 'ಇದೆಲ್ಲ ಬರೀ ತರಕಾರಿ, ಕಾತರ್ ರೇ ಭಾಜಿ', ಕತ್ತರಿಸು. ಮಗನ ಮಾತು ಹರಿಯಿತು. 'ಧೈರ್ಯ ತಂದುಕೋ' ಎನ್ನಲಿಲ್ಲ ಆ ಅಪ್ಪ. ತನ್ನಲ್ಲಿದ್ದುದನ್ನು ಮಗನ ಕೈಗೆ ದಾಟಿಸಿದ.

ಅದೇ ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಗೆಳೆಯರು 1996ರಲ್ಲಿ 'ಸಂಗಾತ್' ಎಂಬ ಸಂಸ್ಥೆ ಕಟ್ಟಿದರು. ಹೆಸರೇ ಅರ್ಧ ಕೆಲಸ ಮಾಡಿಬಿಟ್ಟಿದೆ ಎನಿಸುತ್ತದೆ ನನಗೆ. ಮನೋವೈದ್ಯರು ಬೆರಳೆಣಿಕೆಯಷ್ಟು ಇರುವಲ್ಲಿ ವೈದ್ಯರಲ್ಲದ, ಸ್ಥಳೀಯರಾದ ಸಮಾಲೋಚಕರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ಅಲ್ಲಿಗೆ ಬರುವವರು 'ನನಗೆ ಖಿನ್ನತೆ' ಎನ್ನುವುದಿಲ್ಲ. ಮೈ ನೋವು, ನಿದ್ದೆಯಿಲ್ಲ, ಟೆನ್ಶನ್ ಎನ್ನುತ್ತಾರೆ. 2017ರಲ್ಲಿ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನಲ್ಲಿ ಬಂದ ಅವರ ಅಧ್ಯಯನದಲ್ಲಿ ಹತ್ತು ಆರೋಗ್ಯ ಕೇಂದ್ರಗಳ ಸುಮಾರು ಐನೂರು ತೀವ್ರ ಖಿನ್ನತೆಯ ರೋಗಿಗಳಿದ್ದರು. ಆರೆಂಟು ಭೇಟಿ, ಅಷ್ಟೇ. ಮಾತ್ರೆ ಬೇಡವೆಂದಲ್ಲ, ಮಾತಿನ ಈ ಚಿಕಿತ್ಸೆ ಸೇರಿದಾಗ ಹೆಚ್ಚು ಜನ ಚೇತರಿಸಿಕೊಂಡರು. ಆ ಭೇಟಿಯಲ್ಲಿ ನಡೆಯುವುದು ದೊಡ್ಡ ಉಪದೇಶವಲ್ಲ. ನಿನ್ನೆ ಇಡೀ ದಿನ ಏನು ಮಾಡಿದಿರಿ, ಯಾವುದರಿಂದ ತುಸು ಹಗುರವಾಯಿತು, ನಾಳೆ ಒಂದೇ ಒಂದು ಏನು ಮಾಡಬಹುದು. ಬೆಳಿಗ್ಗೆ ಸೈಕಲ್ಲಿನ ಹಾರ್ನ್ ಒತ್ತುತ್ತಾ ಬ್ರೆಡ್ ಮಾರುವ ಪೋದೆರ್ ಬಂದಾಗ ಮಗಳನ್ನು ಕಳಿಸದೆ ತಾನೇ ಎದ್ದು ಬಾಗಿಲಿಗೆ ಹೋಗಿ ಪಾವ್ ತೆಗೆದುಕೊಳ್ಳುವುದು, ಅಂಥದ್ದು. ಮುಂದಿನ ವಾರ ಅದೇ ಮನುಷ್ಯ ಮತ್ತೆ ಕೇಳುತ್ತಾನೆ: ಹೋದಿರಾ? ಆಗಲಿಲ್ಲವಾ? ಸರಿ, ಏನು ಅಡ್ಡ ಬಂತು?

ಕ್ರೈಸ್ತ ವಿಶ್ವಾಸ ಇಂಥ ಕಡೆ ಏನು ಕೊಡಬಲ್ಲದು? ಮೊದಲು ಕ್ಷಮೆಯ ಮಾತು ಬರಬೇಕು. ಏಕೆಂದರೆ ಖಿನ್ನತೆಯ ಲಕ್ಷಣಗಳ ಪಟ್ಟಿಯಲ್ಲೇ ಕಾರಣಕ್ಕೆ ಮೀರಿದ ಪಾಪಪ್ರಜ್ಞೆ ಒಂದಾಗಿ ಕೂತಿದೆ. ಇಂಥವರು ಕುಮ್ಸಾರಿಗೆ, ಅಂದರೆ ಪಾಪನಿವೇದನೆಗೆ, ಹೋದ ವಾರ ಹೇಳಿದ್ದನ್ನೇ ಹೊತ್ತು ಮತ್ತೆ ಹೋಗುತ್ತಾರೆ. ಜಾಲರಿಯಾಚೆ ಪಾದ್ರಿ ಕ್ಷಮೆ ಸಾರುತ್ತಾರೆ, ಇವರು ಮೆಟ್ಟಿಲಿಳಿಯುವ ಮೊದಲೇ ಅದು ಕರಗಿರುತ್ತದೆ. ಇದು ಹೊಸ ಸಂಗತಿಯೇನಲ್ಲ. ಹಳೇ ಗೋವಾದ ಚರ್ಚು ಬೊಂ ಜೆಜುಸ್‌ನಲ್ಲಿ ದೇಹವಿರುವ ಫ್ರಾನ್ಸಿಸ್ ಜೇವಿಯರ್‌ನ ಗುರು ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇದೇ ಸುಳಿಗೆ ಸಿಕ್ಕಿದ್ದ. ಎಷ್ಟು ನಿವೇದಿಸಿದರೂ ಇನ್ನೇನೋ ಬಿಟ್ಟೆನೆಂಬ ಕೊರೆತ. ಕೋಣೆಯಲ್ಲಿದ್ದ ದೊಡ್ಡ ಕುಳಿಗೆ ಹಾರಿಬಿಡುವ ಸೆಳೆತ ಮತ್ತೆಮತ್ತೆ ಬರುತ್ತಿತ್ತೆಂದು ಅವನೇ ಮುಂದೆ ಹೇಳಿ ಬರೆಸಿದ ಆತ್ಮಕಥೆಯಲ್ಲಿದೆ. ಬಿಡುಗಡೆ ಸಿಕ್ಕಿದ್ದು ಹಳೆಯದನ್ನು ಇನ್ನು ನಿವೇದಿಸುವುದೇ ಇಲ್ಲ ಎಂದು ತೀರ್ಮಾನಿಸಿದ ಮೇಲೆ. ಒಬ್ಬ ಸಂತನ ಬದುಕಿನಲ್ಲಿ ಹಳೆಯ ಪಾಪಗಳ ನಿವೇದನೆ ನಿಲ್ಲಿಸಿದ್ದೇ ಮದ್ದಾಯಿತೆನ್ನುವುದು ಪ್ರವಚನಗಳಲ್ಲಿ ಹೆಚ್ಚು ಕೇಳಿಬರುವ ಮಾತಲ್ಲ, ಬರಬೇಕಿತ್ತು.

ಕ್ಷಮೆಯನ್ನು ಸಾರಿದ ಸಂಸ್ಥೆಯೇ ಭಯವನ್ನೂ ಹಂಚಿತ್ತು ಎಂಬುದನ್ನು ಗೋವಾದಲ್ಲಿ ಕೂತು ಮರೆಯಲಾಗದು. 1560ರಿಂದ, ನಡುವೆ ನಾಲ್ಕು ವರ್ಷ ಬಿಟ್ಟರೆ, 1812ರವರೆಗೆ ಅಲ್ಲಿ ಚರ್ಚಿನ ಧರ್ಮವಿಚಾರಣೆ, ಅಂದರೆ ಇನ್‌ಕ್ವಿಸಿಶನ್ ನಡೆದಿತ್ತು. ಅಷ್ಟು ಹಿಂದೆ ಹೋಗುವುದೂ ಬೇಡ. 1917ರ ಚರ್ಚ್ ಕಾನೂನಿನ ಪ್ರಕಾರ ತಿಳಿದೂ ತಿಳಿದು ಜೀವ ತೆಗೆದುಕೊಂಡವರಿಗೆ ಧಾರ್ಮಿಕ ಶವಸಂಸ್ಕಾರವಿರಲಿಲ್ಲ. ಮನೆಯವರಿಗೆ ಸಾವಿನ ದುಃಖದ ಮೇಲೆ ಬೇಲಿಯಾಚೆ ಹೂಳುವ ಅವಮಾನ. 1983ರ ಹೊಸ ಕಾನೂನು ಆ ನಿಷೇಧವನ್ನು ಕೈಬಿಟ್ಟಿತು. 1992ರ ಧರ್ಮೋಪದೇಶ ಗ್ರಂಥ ಇನ್ನೂ ಮುಂದೆ ಹೋಯಿತು: ತೀವ್ರ ಮಾನಸಿಕ ಯಾತನೆ ಹೊಣೆಯನ್ನು ಕಡಿಮೆ ಮಾಡುತ್ತದೆ, ಅಂಥವರ ಮುಕ್ತಿಯ ವಿಷಯದಲ್ಲಿ ಯಾರೂ ನಿರಾಶರಾಗಬಾರದು. ಇಲ್ಲಿ ಭರವಸೆ ಇಡಬೇಕಾದವನು ಸತ್ತವನಲ್ಲ; ಉಳಿದವರು, ಅವನ ಪರವಾಗಿ. 2025ರ ಜುಬಿಲಿ ವರ್ಷಕ್ಕೆ ಪೋಪ್ ಫ್ರಾನ್ಸಿಸ್ ಭರವಸೆಯ ಯಾತ್ರಿಕರು ಎಂಬ ಘೋಷ ಕೊಟ್ಟಾಗ ನನಗೆ ಮೊದಲು ನೆನಪಾದದ್ದು ಆ ಬೇಲಿಯಾಚೆಯ ಗೋರಿಗಳ ಮನೆಯವರು.

ಒಬ್ಬರ ಪರವಾಗಿ ಇನ್ನೊಬ್ಬರು ಭರವಸೆ ಇಡುವುದಕ್ಕೆ ಗೋವಾದ, ಮಂಗಳೂರಿನ ಮನೆಗಳಲ್ಲಿ ದಿನದ ಅಭ್ಯಾಸವೇ ಇದೆ. ಸಂಜೆ ಗಂಟೆಯಾದ ಮೇಲೆ ತೇರ್ಸ್, ಜಪಸರ. ಒಬ್ಬರು ಮರಿಯಮ್ಮನ ಪ್ರಾರ್ಥನೆಯ ಮೊದಲರ್ಧ ಹೇಳುತ್ತಾರೆ, ಉಳಿದರ್ಧ ಮನೆಮಂದಿ ಸೇರಿ ಹೇಳುತ್ತಾರೆ, ಹೀಗೆ ಐವತ್ತು ಸಲ. ಗೋಡೆಗೊರಗಿ ಕೂತವನ ಬಾಯಿಂದ ಅಕ್ಷರ ಹೊರಡದಿದ್ದರೂ ಪ್ರಾರ್ಥನೆ ನಿಲ್ಲುವುದಿಲ್ಲ. ಅವನ ಪಾಲಿನದನ್ನೂ ಪಕ್ಕದವರು ಮುಗಿಸುತ್ತಾರೆ. ಕೊನೆಗೆ ಕಿರಿಯರು ಹಿರಿಯರ ಹತ್ತಿರ ಹೋಗಿ 'ಬೆಸಾಂವ್' ಕೇಳುತ್ತಾರೆ. ಇವತ್ತು ನೀನು ಪ್ರಾರ್ಥಿಸಿದೆಯಾ ಎಂದು ಯಾವ ಅಜ್ಜಿಯೂ ವಿಚಾರಣೆ ಮಾಡಿ ಆಶೀರ್ವದಿಸುವುದಿಲ್ಲ.

ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಕೈಕಾಲು ಬಿದ್ದವನೊಬ್ಬನನ್ನು ನಾಲ್ವರು ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನಜಂಗುಳಿ. ಮಾಡು ಕಿತ್ತು ಹಾಸಿಗೆಯನ್ನೇ ಒಳಗಿಳಿಸುತ್ತಾರೆ. ಯೇಸು ಅವನ ಪಾಪ ಕ್ಷಮಿಸುವುದು ಅವನ ವಿಶ್ವಾಸ ಪರೀಕ್ಷಿಸಿಯಲ್ಲ, ಹೊತ್ತವರ ವಿಶ್ವಾಸ ಕಂಡು. ಮಲಗಿದ್ದವನು ಆವರೆಗೆ ಒಂದು ಮಾತೂ ಆಡಿಲ್ಲ. ಖಿನ್ನತೆಯಲ್ಲಿರುವವರಿಗೆ 'ವಿಶ್ವಾಸ ಸಾಲದು' ಎನ್ನುವ ಬೋಧಕರು ಈ ಅಧ್ಯಾಯವನ್ನು ಹಾರಿಸಿ ಓದುತ್ತಾರೋ ಏನೋ. ಪ್ರಾರ್ಥನೆ ಸಾಕು, ಮಾತ್ರೆ ಬಿಡು ಎನ್ನುವವರಂತೂ ಮಾಡಿನ ಮೇಲೆ ಹತ್ತುವ ಕಷ್ಟವೇ ಬೇಡವೆಂದಂತೆ.

ಪ್ರಾರ್ಥನೆ, ಚಿಕಿತ್ಸೆ ಎರಡನ್ನೂ ಕೂಡಿಸಿಕೊಂಡವರು ಗೋವಾದಲ್ಲೇ ಇದ್ದಾರೆ. ಆತ್ಮಹತ್ಯೆ ತಡೆಗೆ ಸಹಾಯವಾಣಿ ನಡೆಸುವ 'ಕೂಜ್' ಸಂಸ್ಥೆಯ ಹೆಸರು ಮರಿಯಮ್ಮನ ಸ್ತುತಿಮಾಲೆಯಲ್ಲಿ ಬರುವ 'ನಮ್ಮ ಆನಂದದ ಕಾರಣವೇ' ಎಂಬುದರ ಇಂಗ್ಲಿಷಿನ ಮೊದಲಕ್ಷರಗಳು, ಕಟ್ಟಿದವರು ಮನೋವೈದ್ಯರು. 2022ರ ಅಕ್ಟೋಬರಿನಿಂದ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಕೂಡ ಇದೆ. 14416ಕ್ಕೆ ಕರೆ ಮಾಡಿದರೆ ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಚರ್ಚುಗಳ ನೋಟಿಸ್ ಬೋರ್ಡಿನಲ್ಲಿ ಪೂಜೆಯ ವೇಳೆ, ಪಾಪನಿವೇದನೆಯ ವೇಳೆ, ಮದುವೆಯ ಪ್ರಕಟಣೆ ಎಲ್ಲ ಇರುತ್ತದೆ. ಈ ಐದು ಅಂಕಿಗೆ ಅಲ್ಲಿ ಜಾಗ ಸಾಲದೆ ಹೋಗಲಾರದು.