ಒಂದು ಗುಂಟೆಯ ಲೆಕ್ಕ: ಕರ್ನಾಟಕದ ಬೆಳೆ ವಿಮೆ ಮತ್ತು ಉಪಗ್ರಹ

ಬೆಳೆ ಹೋದ ರೈತನಿಗೆ ಪರಿಹಾರ ಕೊಡಬೇಕಾದರೆ, ಹೋದದ್ದೆಷ್ಟು ಎಂದು ಮೊದಲು ಯಾರಾದರೂ ಹೇಳಬೇಕು. ಬೆಳೆ ವಿಮೆಯ ಅರ್ಥಶಾಸ್ತ್ರ ನೂರು ವರ್ಷಗಳಿಂದ ಈ ಒಂದು ಪ್ರಶ್ನೆಯನ್ನೇ ಬಿಡಿಸುತ್ತಿದೆ. ಈಗ ಉಪಗ್ರಹ ಅದನ್ನು ಬಗೆಹರಿಸಿಬಿಡುತ್ತದೆ ಎಂಬ ನಿರೀಕ್ಷೆ ದೊಡ್ಡದಿದೆ. ಕರ್ನಾಟಕದ ಚರಿತ್ರೆಯನ್ನು ಮೊದಲಿನಿಂದ ನೋಡಿದರೆ, ಉಪಗ್ರಹ ಹಳೆಯ ಅಳತೆಗಳ ಜಾಗಕ್ಕೆ ಬಂದು ಕೂತಿಲ್ಲ. ಅವುಗಳ ತನಿಖಾಧಿಕಾರಿಯಾಗಿ ಬಂದಿದೆ.

ಮೈಸೂರು ಸಂಸ್ಥಾನಕ್ಕೆ ಬರದ ಬೆಲೆ ಚೆನ್ನಾಗಿ ಗೊತ್ತಿತ್ತು. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ, 1876–78ರ ಕ್ಷಾಮದ ನಂತರ, 1881ರ ಜನಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಈ ನೆನಪು ಇನ್ನೂ ಮಾಸದಿದ್ದ ಕಾಲದಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಸಂಸ್ಥಾನದ ಅಧಿಕಾರಿ ಜೆ.ಎಸ್. ಚಕ್ರವರ್ತಿ ಮಳೆ ವಿಮೆಯ ಯೋಜನೆಯೊಂದನ್ನು ಬೆಂಗಳೂರಿನಿಂದ ಹೊರಡುತ್ತಿದ್ದ ‘ಮೈಸೂರು ಎಕನಾಮಿಕ್ ಜರ್ನಲ್’ನಲ್ಲಿ ಮುಂದಿಟ್ಟರು. 1920ರಲ್ಲಿ ಅದು ‘ಅಗ್ರಿಕಲ್ಚರಲ್ ಇನ್ಶೂರೆನ್ಸ್’ ಎಂಬ ಪುಸ್ತಕವಾಯಿತು. ಒಬ್ಬೊಬ್ಬ ರೈತನ ಹೊಲಕ್ಕೂ ಹೋಗಿ ನಷ್ಟ ಅಳೆಯುವುದು ಆಗದ ಮಾತು, ಆದ್ದರಿಂದ ಪ್ರದೇಶದ ಮಳೆಯನ್ನೇ ಅಳತೆಗೋಲು ಮಾಡಿಕೊಳ್ಳಬೇಕು ಎಂಬುದು ಅವರ ವಾದ. ಮಳೆಮಾಪಕದಲ್ಲಿ ನೀರು ಕಡಿಮೆ ಬಿದ್ದರೆ ಆ ಪ್ರದೇಶದ ವಿಮೆದಾರರಿಗೆಲ್ಲ ಪರಿಹಾರ. ಇದರಿಂದ ತನಿಖೆಯ ಖರ್ಚು ಉಳಿಯುತ್ತದೆ, ಬೇಕೆಂದೇ ಬೆಳೆ ಕೆಡಿಸಿ ಹಣ ಕೇಳುವ ದಾರಿಯೂ ಮುಚ್ಚುತ್ತದೆ.

ಸಂಸ್ಥಾನ ಅದನ್ನು ಜಾರಿಗೆ ತರಲಿಲ್ಲ.

ಸ್ವತಂತ್ರ ಭಾರತ ಆರಿಸಿಕೊಂಡದ್ದು ಚಕ್ರವರ್ತಿ ಬೇಡವೆಂದಿದ್ದ ದಾರಿಯನ್ನೇ. 1972–73ರಲ್ಲಿ ಗುಜರಾತಿನ ಎಚ್-4 ಹತ್ತಿಯಿಂದ ಶುರುವಾಗಿ ಕರ್ನಾಟಕಕ್ಕೂ ಬಂದ ಮೊದಲ ವಿಮೆ ಯೋಜನೆ ರೈತರ ನಷ್ಟವನ್ನು ಬಿಡಿಬಿಡಿಯಾಗಿ ಅಳೆಯುತ್ತಿತ್ತು. 1978–79ರ ಹೊತ್ತಿಗೆ 3,110 ರೈತರಿಂದ ಬಂದ ಕಂತು 4.54 ಲಕ್ಷ ರೂಪಾಯಿ, ಕೊಟ್ಟ ಪರಿಹಾರ 37.88 ಲಕ್ಷ. ಪುಣೆಯ ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರ್ 1976ರಲ್ಲಿ ಪ್ರದೇಶಾಧಾರಿತ ವಿಮೆಯ ಪರ ಬರೆದರು; ಮುಂದಿನ ಯೋಜನೆಗಳು ಆ ದಾರಿ ಹಿಡಿದವು. ಹವಾಮಾನ ಆಧಾರಿತ ಬೆಳೆ ವಿಮೆಯನ್ನು 2007ರ ಮುಂಗಾರಿನಲ್ಲಿ ಪ್ರಯೋಗಕ್ಕೆ ಇಳಿಸಿದ್ದು ಕರ್ನಾಟಕದಲ್ಲೇ. ಚಕ್ರವರ್ತಿಯವರ ಮಳೆಮಾಪಕ ಹೀಗೆ ಅವರ ನಾಡಿಗೇ ಹಿಂದಿರುಗಿತು.

ಆದರೆ ಮಾಪಕ ಇರುವ ಊರಲ್ಲಿ ಸುರಿದ ಮಳೆ ಮೂರು ಮೈಲಿ ಆಚೆಯ ಹೊಲಕ್ಕೆ ಬಿದ್ದಿರಬೇಕೆಂದೇನಿಲ್ಲ. ಬೆಳೆ ಒಣಗಿದರೂ ಪರಿಹಾರ ಬಾರದ ಈ ಅಂತರ ವಿಮೆಯ ಮೇಲಿನ ನಂಬಿಕೆಗೇ ಕುತ್ತು. ರಾಯಚೂರಿನ ಪಕ್ಕದ ಮಹಬೂಬ್‌ನಗರದಲ್ಲಿ 2003ರಲ್ಲಿ ಮಳೆ ವಿಮೆ ಶುರುವಾಯಿತು. ಅದನ್ನೂ ಅದೇ ಸೀಮೆಯ ಹಳ್ಳಿಗಳನ್ನೂ ಅಧ್ಯಯನ ಮಾಡಿದ ಗಿನೆ, ಟೌನ್‌ಸೆಂಡ್ ಮತ್ತು ವಿಕರಿ 2008ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿಚಿತ್ರವೊಂದು ಹೊರಬಂತು: ಅಪಾಯಕ್ಕೆ ಹೆಚ್ಚು ಹೆದರುವವರೇ ವಿಮೆಯನ್ನು ಕಡಿಮೆ ಕೊಂಡಿದ್ದರು. ಅವರಿಗೆ ವಿಮೆಯೇ ಇನ್ನೊಂದು ಅಪಾಯವಾಗಿ ಕಂಡಿರಬೇಕು.

2016ರ ಫಸಲ್ ಬಿಮಾ ಯೋಜನೆ ಇಳುವರಿಯನ್ನೇ ಅಳೆಯುತ್ತದೆ. ಮುಖ್ಯ ಬೆಳೆಗೆ ಗ್ರಾಮ ಪಂಚಾಯ್ತಿಯೇ ಘಟಕ. ಅಲ್ಲಿ ಕನಿಷ್ಠ ನಾಲ್ಕು ಬೆಳೆ ಕಟಾವು ಪ್ರಯೋಗ ನಡೆಯಬೇಕು. ಲಾಟರಿಯಂತೆ ಆರಿಸಿದ ಹೊಲದಲ್ಲಿ ಹಗ್ಗ ಹಿಡಿದು 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಗುರುತಿಸಿ, ರಾಗಿ ಕೊಯ್ದು, ಬಡಿದು, ತೂಗುತ್ತಾರೆ. ನಾಲ್ಕು ಚೌಕ ಸೇರಿದರೆ 100 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಆ ಗುಂಟೆಯ ತೂಕದ ಮೇಲೆ ಇಡೀ ಪಂಚಾಯ್ತಿಯ ಪರಿಹಾರ ನಿಂತಿದೆ.

ಉಪಗ್ರಹ ಸಂಶೋಧಕರನ್ನು ಸೆಳೆದದ್ದು ಇಲ್ಲಿಯೇ. 1988ರಲ್ಲಿ ಹಾರಿದ ಐಆರ್‌ಎಸ್-1ಎ ಉಪಗ್ರಹದ ಲಿಸ್-1 ಕ್ಯಾಮೆರಾದ ಒಂದು ಚುಕ್ಕೆ ನೆಲದ ಮೇಲೆ 72.5 ಮೀಟರ್, ಅಂದರೆ ಒಂದೂಕಾಲು ಎಕರೆಗೂ ಹೆಚ್ಚು. ರಾಜ್ಯದ ಸರಾಸರಿ ಹಿಡುವಳಿ 2015–16ರಲ್ಲಿ 1.36 ಹೆಕ್ಟೇರಿಗೆ ಇಳಿದಿರುವಾಗ ಆ ಕಣ್ಣಿಗೆ ಬದುವೇ ಕಾಣದು. ಯುರೋಪಿನ ಸೆಂಟಿನೆಲ್-2ರ ಚುಕ್ಕೆ 10 ಮೀಟರ್, ಹೆಚ್ಚುಕಡಿಮೆ ಒಂದು ಗುಂಟೆ. ಕಟಾವು ಪ್ರಯೋಗ ಪಂಚಾಯ್ತಿಯ ಒಂದು ಗುಂಟೆಯನ್ನು ತೂಗಿದರೆ, ಉಪಗ್ರಹ ಪ್ರತಿ ಗುಂಟೆಯನ್ನೂ ಕೆಲವೇ ದಿನಗಳಿಗೊಮ್ಮೆ ನೋಡುತ್ತದೆ.

ನೋಡುವುದೇನೋ ನಿಜ, ತೂಗಲು ಅದಕ್ಕೆ ಬರುವುದಿಲ್ಲ. ಹಸಿರೆಲೆ ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಇವೆರಡರ ಅಂತರದಿಂದ ಬೆಳೆಯ ಹಸಿರನ್ನು ಲೆಕ್ಕ ಹಾಕುತ್ತಾರೆ. ತೆನೆ ಕಟ್ಟುವಾಗ ಮಳೆ ಕೈಕೊಟ್ಟರೆ ಪೈರು ಹಸಿರಾಗಿದ್ದೂ ಕಾಳು ಜೊಳ್ಳಾಗಬಹುದು. ಹಳೇ ಮೈಸೂರು ಸೀಮೆಯ ಅಕ್ಕಡಿ ಸಾಲು ಇನ್ನೂ ತೊಡಕಿನದು. ರಾಗಿಯ ನಡುವೆ ಅವರೆ, ತೊಗರಿ, ಹರಳು ಬೆಳೆದ ಹೊಲದಲ್ಲಿ ಒಂದೇ ಚುಕ್ಕೆಗೆ ಹಲವು ಬೆಳೆ ಸೇರುತ್ತವೆ. ರಾಗಿ ಕೊಯ್ದ ಮೇಲೂ ಅವರೆ ಹಸಿರಾಗಿಯೇ ಇರುತ್ತದೆ. ಇದರ ಮೇಲೆ ಮುಂಗಾರಿನ ಮೋಡ. ಅದನ್ನು ತೂರಿ ನೋಡಬಲ್ಲ ರೇಡಾರ್ ಉಪಗ್ರಹ ರಿಸ್ಯಾಟ್-1 ಹಾರಿದ್ದು 2012ರಲ್ಲಿ.

ಹೀಗಾಗಿ 2015ರಲ್ಲಿ ಕೇಂದ್ರದ ‘ಕಿಸಾನ್’ ಯೋಜನೆ ಪ್ರಾಯೋಗಿಕವಾಗಿ ಆರಿಸಿಕೊಂಡ ಜಿಲ್ಲೆಗಳಲ್ಲಿ ಒಂದಾದ ಶಿವಮೊಗ್ಗದಲ್ಲಿ ಗುರಿ ಸೀಮಿತವಾಗಿತ್ತು: ಉಪಗ್ರಹ ಚಿತ್ರದ ನೆರವಿನಿಂದ ಕಟಾವು ಪ್ರಯೋಗವನ್ನು ಚೆನ್ನಾಗಿ ಯೋಜಿಸುವುದು, ಇಳುವರಿಯ ಅಂದಾಜನ್ನು ಗಟ್ಟಿಗೊಳಿಸುವುದು. 2023ರ ಮುಂಗಾರಿನಿಂದ ಫಸಲ್ ಬಿಮಾದ ‘ಯೆಸ್-ಟೆಕ್’ ಪದ್ಧತಿ ಭತ್ತ ಮತ್ತು ಗೋಧಿಯ ಇಳುವರಿ ಲೆಕ್ಕದಲ್ಲಿ ತಂತ್ರಜ್ಞಾನದ ಅಂದಾಜಿಗೆ ಕನಿಷ್ಠ ಶೇ 30ರ ತೂಕ ಕೊಟ್ಟಿತು. ಆ ಆರಂಭದ ಪಟ್ಟಿಯಲ್ಲಿ ರಾಗಿಗೆ ಜಾಗ ಸಿಗಲಿಲ್ಲ.

ಇನ್ನು ಉಳಿದಿರುವುದು ಅಧಿಕಾರದ ಪ್ರಶ್ನೆ. ಉಪಗ್ರಹದ ಅಂದಾಜನ್ನು ಒರೆಗೆ ಹಚ್ಚುವುದು ಅದೇ ಕಟಾವಿನ ತೂಕಗಳ ಮೇಲೆ. ತೂಕ ತಪ್ಪಿದ್ದರೆ ಅಂದಾಜೂ ತಪ್ಪನ್ನೇ ಕಲಿಯುತ್ತದೆ. ಇಳುವರಿಯ ಅಂಕಿ ಒಪ್ಪಿಗೆಯಾಗದಿದ್ದರೆ ವಿಮಾ ಕಂಪನಿ ಉಪಗ್ರಹ ಚಿತ್ರ ಹಿಡಿದು ತಾಂತ್ರಿಕ ಸಮಿತಿಯ ಮುಂದೆ ತಕರಾರು ಎತ್ತಬಹುದು. ಮೂರು ಎಕರೆಯ ರಾಗಿ ರೈತನ ಕೈಯಲ್ಲಿ ಅಂಥ ಚಿತ್ರವಿಲ್ಲ. ಪಂಚಾಯ್ತಿಯ ಕಟಾವು ತೂಕವನ್ನೂ ಉಪಗ್ರಹದ ಅಂದಾಜನ್ನೂ ಒಂದೇ ಫಲಕದಲ್ಲಿ ಹಾಕಿದರೆ ರೈತರ ತಕರಾರಿಗೂ ಆಧಾರ ಸಿಗುತ್ತದೆ, ಸಂಶೋಧಕರಿಗೂ ಎರಡರ ಅಂತರ ಎಲ್ಲೆಲ್ಲಿ ಹಿಗ್ಗುತ್ತದೆಂದು ಪರೀಕ್ಷಿಸಲು ಸಾಧ್ಯವಾಗುತ್ತದೆ.