ವಿಜ್ಞಾನ ಮೇಳ: ಮಾದರಿಯಿಂದ ಪ್ರಶ್ನೆಯವರೆಗೆ

ಶಾಲೆಯ ವಿಜ್ಞಾನ ಮೇಳವೆಂದರೆ ಥರ್ಮೋಕೋಲಿನ ಅಣೆಕಟ್ಟು, ಮಿಣುಕುವ ಬಲ್ಬು, ಕೊನೆಗೊಂದು ಪ್ರಶಸ್ತಿಪತ್ರ. ಇಷ್ಟೇ ಎಂದು ನಮ್ಮಲ್ಲಿ ಬಹುಮಂದಿ ತಂದೆತಾಯಿಗಳು ತಿಳಿದಿದ್ದೇವೆ. ಆದರೆ ಈ ಮೇಳಗಳಿಗೂ ಒಂದು ಇತಿಹಾಸವಿದೆ. ಅದರ ಒಂದು ಮೂಲೆಯಲ್ಲಿ ನಾವೂ ವಿದ್ಯಾರ್ಥಿಗಳಾಗಿ ನಿಂತಿದ್ದುಂಟು.

1928ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ಇನ್‌ಸ್ಟಿಟ್ಯೂಟ್ ಮಕ್ಕಳಿಗಾಗಿ ಇಂಥ ಮೇಳವೊಂದನ್ನು ನಡೆಸಿತು. 1950ರಲ್ಲಿ ಫಿಲಡೆಲ್ಫಿಯಾದಲ್ಲಿ ಆ ದೇಶದ ಮೊದಲ ರಾಷ್ಟ್ರೀಯ ಮೇಳ ಸೇರಿದಾಗ ಅಂತಿಮ ಸುತ್ತಿಗೆ ಬಂದವರು ಕೇವಲ 30 ಮಂದಿ. ನಮ್ಮ ದೇಶದಲ್ಲಿ ಎನ್.ಸಿ.ಇ.ಆರ್.ಟಿ. ಸಂಸ್ಥೆ 1971ರಿಂದ ಮಕ್ಕಳ ರಾಷ್ಟ್ರೀಯ ವಿಜ್ಞಾನ ಪ್ರದರ್ಶನವನ್ನು ಏರ್ಪಡಿಸತೊಡಗಿತು. ಇವುಗಳಲ್ಲಿ ಮಾದರಿಗಳಿಗೇ ಅಗ್ರಸ್ಥಾನ.

1993ರಲ್ಲಿ ಇನ್ನೊಂದು ದಾರಿ ತೆರೆಯಿತು. ಕೇಂದ್ರ ಸರಕಾರದ ವಿಜ್ಞಾನ ಇಲಾಖೆಯ ಬೆಂಬಲದಿಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಆರಂಭವಾಯಿತು. 10ರಿಂದ 17 ವಯಸ್ಸಿನ ಮಕ್ಕಳು ತಂಡ ಕಟ್ಟಿ, ತಮ್ಮ ಊರಿನದೇ ಸಮಸ್ಯೆಯೊಂದನ್ನು ಅಳೆದು ನೋಡಿ ವರದಿ ಮಂಡಿಸಬೇಕು. ಅದನ್ನು ತಮ್ಮ ಭಾಷೆಯಲ್ಲೇ ಮಂಡಿಸಬಹುದು. ಕರ್ನಾಟಕದಲ್ಲಿ ಇದನ್ನು ಊರೂರಿಗೆ ಕೊಂಡೊಯ್ದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು.

ಆಗ ನಾವು ನಾಡಿನ ಒಂದು ಸಣ್ಣ ಊರಿನಲ್ಲಿ ಹೈಸ್ಕೂಲು ಓದುತ್ತಿದ್ದೆವು. ಅದಕ್ಕೆ ಹಿಂದಿನ ವರ್ಷ ಪ್ರದರ್ಶನವೊಂದಕ್ಕೆ ಗಾಳಿಯಂತ್ರದ ಮಾದರಿ ಒಯ್ದಿದ್ದೆವು. ಅದನ್ನು ಮಾಡಿದವರು ಗೆಳೆಯನ ಅಣ್ಣ. ತೀರ್ಪುಗಾರರು ಇಂಗ್ಲಿಷಿನಲ್ಲಿ ಕೇಳಿದ ಮೊದಲ ಪ್ರಶ್ನೆಗೇ ನಮ್ಮ ಬಾಯಿ ಕಟ್ಟಿತು.

ಸಮಾವೇಶಕ್ಕೆಂದು ನಾವು ನಾಲ್ವರು ಆರಿಸಿಕೊಂಡದ್ದು ಶಾಲೆಯ ಸೋರುವ ನಲ್ಲಿ. ಬೆಳಿಗ್ಗೆ ಒಂದು ಗಂಟೆ ಪಾತ್ರೆಯಿಟ್ಟು ಅಳೆದಾಗ ಒಂದೂವರೆ ಲೀಟರ್ ನೀರು. ದಿನಕ್ಕೆ 36 ಲೀಟರ್ ಪೋಲೆಂದು ಲೆಕ್ಕ ಹಾಕಿ, ಜಿಲ್ಲಾ ಮಟ್ಟದಲ್ಲಿ ಕನ್ನಡದಲ್ಲೇ ಧೈರ್ಯವಾಗಿ ಓದಿದೆವು. ಹಿರಿಯ ತೀರ್ಪುಗಾರರೊಬ್ಬರು ನಗುತ್ತ, “ಸಂಜೆ ಅಳೆದಿರೇನಪ್ಪಾ?” ಎಂದು ಕೇಳಿದರು. “ಇಲ್ಲ ಸಾರ್” ಎಂದೆವು.

ನಾವು ರಾಜ್ಯ ಮಟ್ಟಕ್ಕೆ ಆಯ್ಕೆಯಾಗಲಿಲ್ಲ. ಆದರೆ ಊರಿಗೆ ಮರಳಿ ಸಂಜೆ ಅಳೆದೆವು. ಒಂದೇ ಲೀಟರ್ ಬಂತು! ಬೆಳಿಗ್ಗೆ ತುಂಬಿದ್ದ ತೊಟ್ಟಿಯಲ್ಲಿ ಸಂಜೆಗೆ ನೀರಿನ ಮಟ್ಟ ಇಳಿದಿರುತ್ತದೆ, ಒತ್ತಡ ಕಡಿಮೆಯಾಗುತ್ತದೆ, ಸೋರಿಕೆಯೂ ತಗ್ಗುತ್ತದೆ. ಪಾಠದಲ್ಲಿ ಓದಿದ ದ್ರವದ ಒತ್ತಡ ಅಂದು ಕಣ್ಣಿಗೆ ಕಂಡಿತು. ನಮ್ಮ 36ರ ಲೆಕ್ಕವನ್ನು ನಾವೇ ಹೊಡೆದುಹಾಕಿದೆವು. ನಲ್ಲಿಗೆ ಹೊಸ ವಾಷರ್ ಹಾಕಿಸಿದ್ದೂ ಆಯಿತು. ಮುಂದೆ ನಾವು ಬಿ.ಎಸ್ಸಿ. ಓದಿ, ಕಚೇರಿಯ ಕಡತಗಳ ನಡುವೆ ಕುಳಿತರೂ, ಒಂದೇ ಅಳತೆಯನ್ನು ನಂಬಬಾರದೆಂಬ ಪಾಠ ಮರೆತಿಲ್ಲ.

ಇಂದು ಮುಂಬಯಿಯಲ್ಲಿ ಸಿದ್ಧ ಮಾದರಿಗಳು ಅಂಗಡಿಯಲ್ಲೇ ಸಿಗುತ್ತವೆ. ಹಣ ಕೊಟ್ಟು ತರುವುದು ಸುಲಭ. ನಮಗೆ ಬಿಡುವಿಲ್ಲವೆಂಬುದೂ ನಿಜ. ಆದರೆ ಮಗುವಿನ ಪ್ರಶ್ನೆಯನ್ನು ಅಂಗಡಿಯಿಂದ ತರಲಾದೀತೆ? ಮುಂದಿನ ಮೇಳಕ್ಕೆ ಮೊದಲು ಮಕ್ಕಳಿಗೆ ಒಂದು ಮಾತು ಹೇಳೋಣ: “ನೀನು ಮಾಡಿದ್ದನ್ನು ಅಜ್ಜಿಗೆ ಕನ್ನಡದಲ್ಲಿ ವಿವರಿಸು.” ಅಜ್ಜಿಗೆ ಅರ್ಥವಾದರೆ ಮಗುವಿಗೂ ಅರ್ಥವಾಗಿದೆಯೆಂದೇ ಲೆಕ್ಕ. ಜತೆಗೆ ಮನೆಯ ಮಾತೂ ಉಳಿದೀತು.